ಕೆರೆ ಗೇಟಿನ ಕಂಡಕ್ಟ್ರಮ್ಮ

"ಮೃತರು ಬಹಳ ಸೌಮ್ಯ ಸ್ವಭಾವದವರಾಗಿದ್ದರು" ಅಂತ ಕೆರೆ ಸಮಿತಿಯ ಅಧ್ಯಕ್ಷರು ಮೈಕಿನಲ್ಲಿ ಹೇಳಿದ ಕೂಡಲೇ ನನಗೆ ನಗು ಬಂತು. ತಡೆದುಕೊಳ್ಳಬಹುದಿತ್ತು, ತಡೆದುಕೊಳ್ಳಲಿಲ್ಲ. ಶ್ರದ್ಧಾಂಜಲಿ ಸಭೆ. ಎದುರಿಗೆ ಹಾರ ಹಾಕಿದ ಫೋಟೊ, ಅದರ ಮುಂದೆ ಊದುಬತ್ತಿ, ಮೊದಲ ಸಾಲಿನಲ್ಲಿ ಬಿಳಿ ಅಂಗಿಯ ಸದಸ್ಯರು. ಮೈಕ್ ಸೆಟ್ಟು ನನ್ನದು. ಇರಲಿ ಅಂತ ತಂದಿದ್ದ ಎರಡನೇ ಮೈಕು ನನ್ನ ತೊಡೆಯ ಮೇಲೇ ಇತ್ತು. ಹಾಗಾಗಿ ನನ್ನ ನಗು ಸಭೆಯೊಳಗೆ ಮಾತ್ರ ಉಳಿಯದೆ, ಹೊರಗೆ ಮರಕ್ಕೆ ಕಟ್ಟಿದ್ದ ಹಾರ್ನ್ ಸ್ಪೀಕರಿನಿಂದ ಕೆರೆಯ ಆಚೆ ದಡದ ತನಕ ಕೇಳಿಸಿತಂತೆ. ಎಮ್ಮೆ ತೊಳೆಯುತ್ತಿದ್ದವರು ತಲೆ ಎತ್ತಿ ನೋಡಿದರಂತೆ.

ಅಧ್ಯಕ್ಷರು ದುರುಗುಟ್ಟಿದರು. ನಾನು ಆಂಪ್ಲಿಫೈಯರಿನ ತಿರುಪು ತಿರುಗಿಸುತ್ತಾ "ಲೂಸ್ ಕನೆಕ್ಷನ್ ಸಾರ್" ಅಂದೆ.

ಸೌಮ್ಯವಂತೆ! ಆಯಮ್ಮನ ಬಗ್ಗೆ ಇಂಥ ಅಪಪ್ರಚಾರವನ್ನು ನಾನು ಬದುಕಿರುವ ತನಕ ಒಪ್ಪುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಊರೆಲ್ಲ ಕಂಡಕ್ಟ್ರಮ್ಮ ಅಂತಿತ್ತು, ನಾನೂ ಅಷ್ಟೇ ಅನ್ನುತ್ತೇನೆ. ಆ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸಲು ಕಾಯುತ್ತಾ ಕೂತವರಿದ್ದಾರೆ. ಅದರಿಂದ ಏನು ಕೆಡುತ್ತದೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಊರಿನ ಹೆಸರೂ ಬೇಡ. ಮದ್ದೂರಿಗೂ ಮಳವಳ್ಳಿಗೂ ನಡುವೆ ಬಸ್ಸಿನಲ್ಲಿ ಓಡಾಡಿದವರಿಗೆ ನಮ್ಮ ಕೆರೆ ಕಿಟಕಿಯಿಂದ ಕಂಡಿರುತ್ತದೆ.

ಮೊದಲು ನನ್ನ ಪರಿಚಯ ಆಗಲಿ. ಶಾಮಿಯಾನ, ಕುರ್ಚಿ, ಮೈಕ್ ಸೆಟ್ಟು ಬಾಡಿಗೆಗೆ ಕೊಡುವುದು ನನ್ನ ಕಸುಬು. ಜನರನ್ನು ಏಮಾರಿಸುವುದು ಹವ್ಯಾಸ. ಎರಡರಲ್ಲೂ ಈ ಸುತ್ತಿನಲ್ಲಿ ನನ್ನ ಸಮ ಯಾರೂ ಇಲ್ಲ. ಒಮ್ಮೆ ಮಂಡ್ಯದ ಗುತ್ತಲಿನಲ್ಲಿ ಒಂದು ಮದುವೆ. ಮೊದಲ ಪಂಕ್ತಿಯಲ್ಲಿ ಕೂರಲು ನೂಕುನುಗ್ಗಲು, ನನಗೋ ಹೊಟ್ಟೆ ಹಸಿವು. ಮೈಕು ತೆಗೆದುಕೊಂಡು "ಬಿಳಿ ಕಾರಿನ ಗಾಜು ಒಡೆದಿದೆಯಂತೆ, ಮಾಲೀಕರು ತಕ್ಷಣ ಬರಬೇಕು" ಅಂತ ಕೂಗಿದೆ. ಮಂಡ್ಯದ ಮದುವೆಯಲ್ಲಿ ಬಿಳಿ ಕಾರು ಇಲ್ಲದವನು ಯಾರು? ಅರ್ಧ ಪಂಕ್ತಿ ಎದ್ದು ಓಡಿತು. ಕಿಟಕಿ ಪಕ್ಕದ ಎಲೆಯ ಮುಂದೆ ಕೂತು ಎರಡು ಸಲ ಪಾಯಸ ಹಾಕಿಸಿಕೊಂಡೆ.

ಇಂಥ ನನ್ನನ್ನು ಏಮಾರಿಸಿದ್ದು ಒಬ್ಬಳೇ ಒಬ್ಬಳು.

ಮೂವತ್ತು ವರ್ಷಕ್ಕೂ ಹಿಂದಿನ ಮಾತು. ನಮ್ಮ ಕಡೆ ಬಸ್ಸಿಗೆ ಹೆಂಗಸರು ಕಂಡಕ್ಟರಾಗಿ ಬಂದದ್ದೇ ಆಗ ಹೊಸದು. ಮದ್ದೂರಿನಿಂದ ಚಿಕ್ಕರಸಿನಕೆರೆ ಮೇಲೆ ಮಳವಳ್ಳಿಗೆ ಹೋಗುವ ಬಸ್ಸಿಗೆ ಈಕೆ ಬಂದರು. ಗಿಡ್ಡ ಆಳು. ಸೀರೆಯ ಮೇಲೆ ಖಾಕಿ ಕೋಟು, ಕಂಕುಳಲ್ಲಿ ಚರ್ಮದ ಚೀಲ, ಕಿವಿಯ ಮೇಲೆ ಪೆನ್ನು. ನೋಟುಗಳನ್ನು ಉದ್ದಕ್ಕೆ ಮಡಚಿ ಎಡಗೈಯ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು, ಸೊಂಟವನ್ನು ಸೀಟಿನ ಅಂಚಿಗೆ ಆನಿಸಿ ನಿಂತರೆ ಬಸ್ಸು ಎಂಥ ಗುಂಡಿಗೆ ಬಿದ್ದರೂ ಅಲ್ಲಾಡುತ್ತಿರಲಿಲ್ಲ. ಎರಡು ಕೈಯನ್ನೂ ಬಿಟ್ಟು ಟಿಕೆಟ್ ಹರಿಯುತ್ತಿದ್ದರು. ಬಾಯಲ್ಲಿ ವಿಸಿಲ್ಲು. ಅದು ಇಲ್ಲದಾಗ ಒಂದೇ ಮಾತು:

"ಒಳೀಕ್ ಬನ್ನಿ, ಒಳೀಕ್ ಬನ್ನಿ, ಇನ್ನೂ ಜಾಗ ಅದೆ."

"ಎಲ್ಲದವ್ವ ಜಾಗ? ನಿನ್ ತಲೆ ಮ್ಯಾಲ?" ಅಂತ ಒಬ್ಬ ದಪ್ಪ ಮನುಷ್ಯ ರೇಗಿದ್ದ.

"ನಿನ್ ವಟ್ಟೆ ವಸಿ ಒಳೀಕ್ ಎಳ್ಕೊಳಣ್ಣ, ಇಬ್ರು ನಿಂತ್ಕತಾರೆ."

ನಾನೊಮ್ಮೆ ಮೈಕಿನ ವೈರು ತುಂಬಿದ ಚೀಲದಲ್ಲಿ ಒಂದು ಹುಂಜವನ್ನು ಅಡಗಿಸಿಕೊಂಡು ಹತ್ತಿದ್ದೆ. ಅರ್ಧ ದಾರಿಯಲ್ಲಿ ಅದು ಕೂಗಿತು. "ಸ್ಪೀಕರ್ ಸೌಂಡು" ಅಂದೆ, ಮುಖ ಗಂಭೀರ ಮಾಡಿಕೊಂಡು.

"ಕೋಳಿಗೆ ಅರ್ಧ ಟಿಕೆಟ್ಟು, ಸ್ಪೀಕರ್‌ಗೆ ಲಗೇಜ್ ಟಿಕೆಟ್ಟು. ಯಾವ್ದು ಬರ್ಕಳ್ಲಿ?" ಅಂದರು ಆಕೆ, ಪೆನ್ನು ಕಿವಿಯಿಂದ ತೆಗೆದು. ಹುಂಜ ತಾನೇ ಇನ್ನೊಮ್ಮೆ ಕೂಗಿ ಉತ್ತರ ಕೊಟ್ಟಿತು. ಬಸ್ಸಿಗೆ ಬಸ್ಸೇ ನಕ್ಕಿತು.

ಆ ಅವಮಾನವನ್ನು ನಾನು ಸುಮ್ಮನೆ ನುಂಗುತ್ತೇನೆಯೇ? ಬಸ್ಸಿನ ಲೆಕ್ಕ ನಿಮಗೆ ಗೊತ್ತಲ್ಲ: ಕಂಡಕ್ಟರು ಒಂದು ವಿಸಿಲ್ ಹೊಡೆದರೆ ಬಸ್ಸು ನಿಲ್ಲಬೇಕು, ಎರಡು ಹೊಡೆದರೆ ಹೊರಡಬೇಕು. ಮದ್ದೂರು ಸಂತೆಯಲ್ಲಿ ಹುಡುಕಿ ಹುಡುಕಿ ಅಂಥದ್ದೇ ಒಂದು ವಿಸಿಲ್ ಕೊಂಡೆ. ಚಿಕ್ಕರಸಿನಕೆರೆಯಲ್ಲಿ ಬಸ್ಸು ನಿಂತಿತ್ತು. ಆಕೆ ಕೆಳಗಿಳಿದು, ಒಬ್ಬ ಮುದುಕನ ಗೊಬ್ಬರದ ಮೂಟೆಯನ್ನು ಬಸ್ಸಿನ ಮೇಲಕ್ಕೆ ಹಾಕಿಸುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ ತಲೆ ಬಗ್ಗಿಸಿ ಎರಡು ಸಲ ಊದಿದೆ. ಡ್ರೈವರು ಕನ್ನಡಿಯನ್ನೂ ನೋಡದೆ ಗೇರು ಹಾಕಿದ. ಬಸ್ಸು ಹೋಯಿತು. ಕಂಡಕ್ಟರು ಅಲ್ಲೇ ಉಳಿದರು.

ಎರಡು ಊರು ದಾಟುವಷ್ಟರಲ್ಲಿ ಹಿಂದಿನಿಂದ ಒಂದು ಹಾಲಿನ ಆಟೋ ಕಿರುಚಿಕೊಂಡು ಬಂತು. ಕ್ಯಾನುಗಳ ನಡುವೆ ಕಂಡಕ್ಟ್ರಮ್ಮ, ಪಕ್ಕದಲ್ಲಿ ಆ ಮುದುಕನೂ ಅವನ ಮೂಟೆಯೂ. ಆಟೋದಿಂದಲೇ ಒಂದು ವಿಸಿಲ್ ಹೊಡೆದರು. ಬಸ್ಸು ನಿಂತಿತು. ಹತ್ತಿದರು. ಬೈಯಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹಿಂದಕ್ಕೆ ಬಂದು ನನ್ನೆದುರು ನಿಂತರು.

"ಮೈಕಣ್ಣೋ, ಎದ್ದೇಳು."

"ಯಾಕವ್ವ, ನಾನೇನ್ ಮಾಡ್ದೆ?"

"ಊದಕ್ ಬತ್ತದಲ್ಲ ನಿಂಗೆ. ನಾನು ಈವತ್ತು ಸುಸ್ತಾಗಿವ್ನಿ. ಬಾ, ಬಾಗ್ಲಲ್ಲಿ ನಿಂತ್ಕೊ. ಮಳವಳ್ಳಿ ಗಂಟ ನೀನೇ ಊದು."

ನಗೆಚಾಟಿಕೆ ಅಂದುಕೊಂಡೆ. ಅಲ್ಲ. ಪ್ರತಿ ಸ್ಟಾಪಿನಲ್ಲೂ ನನ್ನ ಕೈಯಲ್ಲೇ ಊದಿಸಿದರು. ನಿಲ್ಲಲು ಒಂದು, ಹೊರಡಲು ಎರಡು. ಯಾರನ್ನೋ ಬಿಟ್ಟು ಊದಿದರೆ "ಇನ್ನೊಬ್ರು ಅವ್ರೆ, ಕಣ್ ಕಾಣಲ್ವಾ?" ಅಂತ ಗದರಿಕೆ. ಮಳವಳ್ಳಿ ಸ್ಟ್ಯಾಂಡಿನಲ್ಲಿ ಇಳಿಯುವಾಗ ನನ್ನ ಕೆನ್ನೆ ಊದಿಕೊಂಡಿತ್ತು. ಆಕೆ ಕೈಚಾಚಿದರು. ವಿಸಿಲ್ ಕೊಟ್ಟೆ. ಚೀಲಕ್ಕೆ ಹಾಕಿಕೊಂಡರು. ನಾನು ಸೋತದ್ದು ಬದುಕಿನಲ್ಲಿ ಅದೊಂದೇ ಸಲ. ಎರಡು ಸಲ ಅನ್ನಿ. ಎರಡನೆಯದೂ ಆಕೆಯಿಂದಲೇ.

ನಿವೃತ್ತಿಯಾದ ಮೇಲೆ ಆಕೆ ನಮ್ಮ ಊರಿನಲ್ಲೇ, ಕೆರೆ ಏರಿಯ ಕೆಳಗಿನ ಬೀದಿಯಲ್ಲಿ ಮನೆ ಮಾಡಿಕೊಂಡರು. ಬೆಳಗ್ಗೆ ಏರಿಯ ಮೇಲೆ ನಡೆಯುತ್ತಿದ್ದರು. ಉಬ್ಬಸ ಶುರುವಾಗಿತ್ತು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ನಾನೂ ಜೊತೆಗೆ ನಿಲ್ಲುತ್ತಿದ್ದೆ. ಒಂದು ದಿನ ಕೇಳಿದೆ, "ಅಲ್ಲ ಕಣವ್ವ, ಅಷ್ಟ್ ತುಂಬಿರೋ ಬಸ್ಸಲ್ಲಿ ಇನ್ನೂ ಜಾಗ ಅದೆ ಅಂತಿದ್ಯಲ್ಲ, ನಾಚ್ಕೆ ಆಯ್ತಿರ್ನಿಲ್ವಾ?"

ಆಕೆ ತುಸು ಹೊತ್ತು ಉಸಿರು ಎಳೆದುಕೊಂಡು ಹೇಳಿದರು. "ಕೆಲ್ಸಕ್ ಸೇರಿದ್ ವರ್ಸ ಬೆಸಗರಹಳ್ಳಿ ರೂಟಲ್ಲಿದ್ದೆ. ಬಸ್ಸು ತುಂಬೋಗಿತ್ತು. ಒಂದ್ ಮುದ್ಕಿ ಗಂಟ್ ಇಡ್ಕೊಂಡು ಕೈ ತೋರುಸ್ತು. ಜಾಗ ಇಲ್ಲ ಅಂದ್ಬುಟ್ಟು ಎರಡು ವಿಸಿಲ್ ಒಡ್ದೆ. ಮಾರ್ನೆ ದಿನ ಗೊತ್ತಾಯ್ತು, ಮದ್ದೂರ್ ಆಸ್ಪತ್ರೇಲಿ ಮಗ್ಳಿಗೆ ಎರಿಗೆ ಆಗಿತ್ತಂತೆ. ಆಯಮ್ಮ ಗಂಜಿ ತಕ್ಕೊಂಡು ನಡ್ಕೊಂಡೇ ಓಗವ್ಳೆ. ಓಗೋದ್ರೊಳ್ಗೆ ಗಂಜಿ ತಣ್ಗಾಗಿತ್ತಂತೆ." ಮತ್ತೆ ನಿಂತು ಹೇಳಿದರು: "ಬಸ್ಸಲ್ಲಿ ಜಾಗ ಇತ್ತು ಕಣಣ್ಣ. ನನ್ ಬಾಯಲ್ಲಿರ್ನಿಲ್ಲ."

ಆ ದಿನ ನಾನು ಯಾವ ಕುಚೇಷ್ಟೆಯನ್ನೂ ಮಾಡಲಿಲ್ಲ. ಮರುದಿನ ಮಾಡಿದೆ.

ಈಗ ಕೆರೆಯ ವಿಷಯ. ನಮ್ಮ ಕೆರೆಗೆ ಒಂದು ಕಡೆ ಪಾರ್ಕು, ನಾಲ್ಕು ಬೆಂಚು. ಇನ್ನೊಂದು ಕಡೆ ಕಲ್ಲಿನ ಮೆಟ್ಟಿಲು, ಅದರ ಪಕ್ಕ ಬಟ್ಟೆ ಒಗೆಯುವ ಕಲ್ಲುಗಳು, ದನ ಇಳಿಯುವ ಜಾಗ. ಎರಡಕ್ಕೂ ದಾರಿ ಒಂದೇ ದೊಡ್ಡ ಗೇಟು. ಇದನ್ನೆಲ್ಲ ನೋಡಿಕೊಳ್ಳಲು ಏಳು ಜನರ ಒಂದು ಸಮಿತಿ, ಹೆಸರು ಕೆರೆ ಮತ್ತು ಉದ್ಯಾನ ಸಮಿತಿ. ಒಬ್ಬರಾದರೂ ಹೆಂಗಸು ಇರಬೇಕು ಅಂತ ನಿಯಮ. ಅಧ್ಯಕ್ಷರು ಯೋಚಿಸಿ ಯೋಚಿಸಿ ಕಂಡಕ್ಟ್ರಮ್ಮನನ್ನು ಹಾಕಿಸಿಕೊಂಡರು. ವಯಸ್ಸಾದವರು, ಉಬ್ಬಸದವರು, ತೋರಿಸಿದ ಜಾಗದಲ್ಲಿ ರುಜು ಹಾಕುತ್ತಾರೆ ಅನ್ನುವ ಲೆಕ್ಕಾಚಾರ. ಅಧ್ಯಕ್ಷರು ಆಕೆಯ ಬಸ್ಸಿನಲ್ಲಿ ಯಾವತ್ತೂ ಹೋದವರಲ್ಲ. ಅವರದ್ದೂ ಬಿಳಿ ಕಾರು.

ಆ ಸಮಿತಿಯಲ್ಲಿ ಒಂದು ಪದ್ಧತಿ ಇತ್ತು. ಸಭೆ ಅಂದರೆ ಮೊದಲು ಟೀ, ಬೋಂಡ. ಬೋಂಡದ ತಟ್ಟೆಯ ಹಿಂದೆಯೇ ನಡವಳಿ ಪುಸ್ತಕ ಬರುತ್ತಿತ್ತು. ಸಭೆಯಲ್ಲಿ ಏನು ತೀರ್ಮಾನವಾಯಿತು ಅಂತ ಬರೆದಿಡುವ ಪುಸ್ತಕ ಅದು. ಪುಟದ ಮೇಲ್ಭಾಗ ಖಾಲಿ, ಕೆಳಗಡೆ ಎಲ್ಲರ ರುಜು. ತೀರ್ಮಾನವನ್ನು ಗುಮಾಸ್ತ ಆಮೇಲೆ, ಅಧ್ಯಕ್ಷರ ಮನೆಯಲ್ಲಿ, ನಿಧಾನವಾಗಿ ಬರೆಯುತ್ತಿದ್ದ. ಬೋಂಡದ ಎಣ್ಣೆ ಕೈಯಿಂದ ಹಾಕಿದ ರುಜುಗಳು, ಪುಟಗಳೆಲ್ಲ ಪಾರದರ್ಶಕ. ಆ ಸಮಿತಿಯಲ್ಲಿ ಪಾರದರ್ಶಕವಾಗಿದ್ದದ್ದು ಅಷ್ಟೇ.

ಮೊದಲ ಸಭೆಯಲ್ಲೇ ಪುಸ್ತಕ ಕಂಡಕ್ಟ್ರಮ್ಮನ ಮುಂದೆ ಬಂತು. ಏಳು ಜನರ ಸಭೆಗೂ ಅಧ್ಯಕ್ಷರಿಗೆ ಮೈಕು ಬೇಕು, ಹಾಗಾಗಿ ನಾನು ಮೂಲೆಯಲ್ಲಿ ಕೂತಿದ್ದೆ.

"ಇದ್ರಲ್ಲಿ ಏನೂ ಬರ್ದಿಲ್ವಲ್ಲ ಸಾ?" ಅಂದರು.

"ಆಮೇಲ್ ಬರಿತಾರಮ್ಮ. ನೀವ್ ಹಾಕಿ" ಅಂದರು ಅಧ್ಯಕ್ಷರು.

"ಎಲ್ಲಿಂದ ಎಲ್ಲಿಗೆ ಅಂತ ಇಲ್ದೆ ಇರೋ ಟಿಕೆಟ್ ಅರ್ದು ಗೊತ್ತಿಲ್ಲ ಸಾ ನಂಗೆ."

ರುಜು ಹಾಕಲಿಲ್ಲ. ಆ ವರ್ಷದ ಬಜೆಟ್ಟಿನ ಹಾಳೆ ಕೇಳಿದರು. ಹಾಳೆ ಬಂತು. ಕನ್ನಡಕ ಏರಿಸಿ, ಬೆರಳಿಟ್ಟು ಸಾಲು ಸಾಲಾಗಿ ಓದಿದರು. ನಾನು ಮೈಕನ್ನು ಮೆಲ್ಲಗೆ ಅವರ ಕಡೆ ಸರಿಸಿದೆ.

"ಮೆಟ್ಲು ರಿಪೇರಿಗೆ ಅಂತ ದುಡ್ಡು ಇಲ್ಲಿ ಅತ್ತದೆ. ಮೆಟ್ಲು ತಾವ ಇಳ್ದಿಲ್ಲ. ಎಲ್ ಇಳೀತು ಸಾ?"

"ಅದು ಗೇಟಿನ ಹೊಸ ಕಮಾನಿಗೆ ಹೊಂದಾಣಿಕೆ ಆಗಿದೆ."

"ಚಿಕ್ಕರಸಿನ್‌ಕೆರೆಗೆ ಅಂತ ಟಿಕೆಟ್ ಈಸ್ಕೊಂಡೋನು ಮಳವಳ್ಳೀಲ್ ಇಳುದ್ರೆ ನಮ್ಮಲ್ಲಿ ದಂಡ ಆಕ್ತೀವಿ. ಇಲ್ಲಿ ಇದಕ್ಕೆ ಒಂದಾಣಿಕೆ ಅಂತೀರಾ?"

ಒಬ್ಬ ಸದಸ್ಯರಿಗೆ ಬೋಂಡ ಗಂಟಲಲ್ಲಿ ಸಿಕ್ಕಿಕೊಂಡಿತು. ಪ್ರತಿ ಸಭೆಯಲ್ಲೂ ಇದೇ ಆಯಿತು. ಹೂಳು ತೆಗೆಯಲು ಇಟ್ಟ ದುಡ್ಡು ಬಣ್ಣದ ದೀಪದಲ್ಲಿ ಇಳಿದಿತ್ತು. ಬೆಂಚಿಗೆ ಇಟ್ಟದ್ದು ಕಲ್ಲಿನ ಆನೆಯಲ್ಲಿ ಇಳಿದಿತ್ತು. ಆಕೆ ಕೇಳುವುದು ಒಂದೇ ಪ್ರಶ್ನೆ, ಎಲ್ಲಿ ಹತ್ತಿತು, ಎಲ್ಲಿ ಇಳಿಯಿತು. ಕೊನೆಗೆ ಅಧ್ಯಕ್ಷರು ಬೇಸತ್ತು, "ನಿಮ್ ಅಕ್ಷರ ಚೆನ್ನಾಗಿದೆ, ಪುಸ್ತಕ ನೀವೇ ಬರ್ಕೊಳ್ಳಿ, ಆದ್ರೆ ದಯವಿಟ್ಟು ರುಜು ಹಾಕಿ" ಅಂತ ರಾಜಿಯಾದರು. ಆಕೆ ಒಪ್ಪಿದರು. ಅಂದಿನಿಂದ ಉಳಿದವರು ಎಂದಿನಂತೆ ಖಾಲಿ ಪುಟಕ್ಕೆ ರುಜು ಹಾಕಿ ತಳ್ಳುತ್ತಿದ್ದರು. ಆಕೆ ಸಭೆಯಲ್ಲಿ ಆದದ್ದನ್ನು ಅಲ್ಲೇ ಕೂತು ಬರೆದು, ಎದ್ದು ನಿಂತು ಮೂರು ಸಲ ಓದಿ, ಕೊನೆಗೆ ತಮ್ಮ ರುಜು ಹಾಕುತ್ತಿದ್ದರು. ತಮಗೆ ಒಪ್ಪಿಗೆ ಇಲ್ಲದ್ದನ್ನೂ ಆದಂತೆಯೇ ಬರೆಯುತ್ತಿದ್ದರು, ಪಕ್ಕದಲ್ಲಿ "ನನ್ನ ವಿರೋಧವಿದೆ" ಅಂತ ಸೇರಿಸಿ. ಓದುವಾಗ ಯಾರೂ ಕೇಳುತ್ತಿರಲಿಲ್ಲ. ಬೋಂಡ ಬಿಸಿ ಇರುತ್ತಿತ್ತಲ್ಲ.

ಹೀಗಿರುವಾಗ ಟಿಕೆಟ್ಟಿನ ಮಾತು ಬಂತು. ಕಮಾನು ಎದ್ದಿತ್ತು, ಗೇಟಿಗೆ ಹೊಸ ಬಣ್ಣ ಬಂದಿತ್ತು. ಇನ್ನು ಕೆರೆಯೊಳಗೆ ಹೋಗುವವರೆಲ್ಲ ಟಿಕೆಟ್ ತೆಗೆದುಕೊಳ್ಳಬೇಕು, ಗೇಟಿಗೆ ಬೀಗ ಇರಬೇಕು, ಬಟ್ಟೆ ಒಗೆಯುವವರು, ದನದವರು ಬಂದರೆ ಅಂದ ಕೆಡುತ್ತದೆ ಅನ್ನುವುದು ಅಧ್ಯಕ್ಷರ ಯೋಚನೆ.

ಸುದ್ದಿ ಮೆಟ್ಟಿಲಿಗೆ ತಲುಪಿತು. ತಾಯಮ್ಮ ಅಂತ ಒಬ್ಬಳಿದ್ದಾಳೆ, ಅರ್ಧ ಊರಿನ ಬಟ್ಟೆ ಒಗೆಯುವವಳು; ಆ ಕಲ್ಲೇ ಅವಳ ಅನ್ನ. ಅವಳು ಒದ್ದೆ ಸೆರಗಿನಲ್ಲೇ ಕಂಡಕ್ಟ್ರಮ್ಮನ ಜಗಲಿಗೆ ಬಂದಳು. ನಾನೂ ಅಲ್ಲಿದ್ದೆ.

"ದಿನಾ ಟಿಕೆಟ್ ತಕ್ಕೊಂಡು ಒಗೀಬೇಕಂತಾ? ಒಗ್ದು ಬರೋ ಕಾಸ ಗೇಟ್‌ಗೇ ಮಡುಗ್‌ಬುಟ್ಟು ಬರ್ಲಾ? ನಾ ಏನ್ ಮಾಡ್ಲವ್ವಾ?"

"ನೀ ಒಗಿ. ಇನ್ನೂ ಜಾಗ ಅದೆ" ಅಂದರು ಕಂಡಕ್ಟ್ರಮ್ಮ. ಅವಳು ಹೋದ ಮೇಲೆ ನನ್ನ ಕಡೆ ತಿರುಗಿದರು. "ಮೈಕಣ್ಣ, ಆರು ಜನ ಅವ್ರೆ ಅವರ ಕಡೆ. ನಾನ್ ಒಬ್ಳು. ವಿರೋಧ ಅಂತ ಬರುದ್ರೆ ಬೀಗ ತೆಗೀತದಾ?"

ನನ್ನ ತಲೆ ಓಡಿತು. "ಅಯ್ಯೋ, ಖಾಲಿ ಪುಟಕ್ಕೆ ಆರು ರುಜು ಬತ್ತದೆ, ಪುಸ್ತಕ ನಿನ್ ಕೈಲದೆ. ನಿಂಗ್ ಬೇಕಾದ್ದ ಬರ್ಕೊ! ಯಾವನ್ ನೋಡ್ತಾನೆ?"

ಆಕೆ ನನ್ನನ್ನು ನೋಡಿದ ನೋಟಕ್ಕೆ ನಾನು ಎದ್ದು ನಿಂತೆ. "ಆಗದ್ದ ಆಗದೆ ಅಂತ ಬರ್ಯಲ್ಲ ನಾನು. ಇಪ್ಪತ್ತೆಂಟು ವರ್ಸ ಒಂದ್ ಟಿಕೆಟ್ ತಪ್ ಬರ್ದಿಲ್ಲ. ನಿನ್ ಬುದ್ದಿ ನಿನ್ ಮೈಕ್ ಒಳ್ಗೇ ಮಡಿಕ್ಕೊ."

ಸಭೆಯ ದಿನ ಬಂತು. ಮುಂದಿನ ವಾರ ಕಮಾನಿನ ಉದ್ಘಾಟನೆ, ಆದ್ದರಿಂದ ನಾನು ಮೊದಲೇ ಏರಿಯ ಉದ್ದಕ್ಕೂ ಹಾರ್ನು ಕಟ್ಟಿದ್ದೆ. ಸಭೆಯ ಮೈಕಿನ ವೈರನ್ನು ಅದಕ್ಕೇ ಸಿಕ್ಕಿಸಿದೆ. ಯಾರಾದರೂ ಕೇಳಿದರೆ ಟೆಸ್ಟಿಂಗ್ ಅನ್ನೋಣ ಅಂತ. ಯಾರೂ ಕೇಳಲಿಲ್ಲ. ಹೊರಗೆ ಮೆಟ್ಟಿಲಿನ ಮೇಲೆ ತಾಯಮ್ಮನೂ ಇನ್ನೆಂಟು ಹೆಂಗಸರೂ ಒಗೆಯುವುದನ್ನು ನಿಲ್ಲಿಸಿ ಹಾರ್ನಿನ ಕಡೆ ಮುಖ ಮಾಡಿ ಕೂತಿದ್ದರು.

ಕಂಡಕ್ಟ್ರಮ್ಮ ಎದ್ದು ಟಿಕೆಟ್ ಬೇಡವೆಂದರು. ಐದು ತಲೆಗಳು ಬೋಂಡದಲ್ಲಿ ಮುಳುಗಿದ್ದವು. ಅಧ್ಯಕ್ಷರು ಗಡಿಯಾರ ನೋಡಿದರು. ಅವರಿಗೆ ಮಂಡ್ಯದಲ್ಲಿ ಇನ್ನೊಂದು ಸಭೆ ಇತ್ತು. ಪುಸ್ತಕಕ್ಕೆ ಆರು ರುಜು ಬಿದ್ದವು. ಅದನ್ನು ಆಕೆಯ ಕಡೆ ತಳ್ಳಿ ಅಧ್ಯಕ್ಷರು ಹೇಳಿದ ಮಾತು ಮೈಕಿನಲ್ಲಿ ಸ್ಪಷ್ಟವಾಗಿ ಬಂತು:

"ನೋಡಮ್ಮ, ಟಿಕೆಟ್ಟು ನಿಮ್ಮ ಕಸುಬು. ನಮಗೆಲ್ಲ ಅದರ ತಲೆಬುಡ ಗೊತ್ತಿಲ್ಲ. ಯಾರಿಗೆ ಎಷ್ಟು ದರ, ಗೇಟು ಎಷ್ಟೊತ್ತಿಗೆ ತೆಗಿಬೇಕು, ಎಲ್ಲ ನೀವೇ ತೀರ್ಮಾನ ಮಾಡಿ ಬರ್ಕೊಂಡ್ಬಿಡಿ. ಸಮಿತಿ ಒಪ್ಪಿಗೆ ಇದೆ. ಏನ್ರಪ್ಪ?"

"ಹ್ಞೂಂ ಹ್ಞೂಂ" ಅಂದರು ಐವರು, ಬಾಯಿ ತುಂಬಿಕೊಂಡು.

"ನಾನೇ ತೀರ್ಮಾನ ಮಾಡ್ಲಾ ಸಾ?"

"ನೀವೇ ಮಾಡಿ, ನೀವೇ."

ಆಕೆ ನನ್ನ ಕಡೆ ಒಂದು ಸಲ ನೋಡಿದರು. ಅಷ್ಟು ವರ್ಷದಲ್ಲಿ ಆಕೆಯ ಮುಖದಲ್ಲಿ ತುಂಟತನ ಕಂಡದ್ದು ಆವತ್ತೇ. ಪೆನ್ನು ಕಿವಿಯಿಂದ ಇಳಿಯಿತು. ಬರೆದರು. ಎದ್ದು ನಿಂತು, ಸೊಂಟವನ್ನು ಮೇಜಿನ ಅಂಚಿಗೆ ಆನಿಸಿ ಓದಿದರು.

"ಕೆರೆಗೆ ಬರುವವರ ದರ. ದೊಡ್ಡವರಿಗೆ, ಇಲ್ಲ. ಮಕ್ಕಳಿಗೆ, ಇಲ್ಲ. ಬಟ್ಟೆ ಗಂಟಿಗೆ, ಇಲ್ಲ. ದನ, ಎಮ್ಮೆ, ಕುರಿಗೆ, ಇಲ್ಲ. ಕೋಳಿಗೆ, ಇಲ್ಲ. ದೊಡ್ಡ ಗೇಟಿಗೆ ಯಾವ ಹೊತ್ತಿನಲ್ಲೂ ಬೀಗ ಹಾಕತಕ್ಕದ್ದಲ್ಲ. ಸಮಿತಿಯ ಸರ್ವಾನುಮತದ ತೀರ್ಮಾನ."

ಕೋಳಿಯ ಸಾಲು ನನಗಾಗಿ ಅಂತ ಗೊತ್ತಾಯಿತು. ಮೂರು ಸಲ ಓದಿದರು. ಮೊದಲ ಸಲ ಅಧ್ಯಕ್ಷರು ಫೋನಿನಲ್ಲಿದ್ದರು. ಎರಡನೇ ಸಲ ಕೈ ತೊಳೆಯುತ್ತಿದ್ದರು. ಮೂರನೇ ಸಲ "ಆಯ್ತಮ್ಮ, ಆಯ್ತು" ಅಂತ ಕಾರಿನ ಬೀಗದ ಕೈ ಹುಡುಕುತ್ತಿದ್ದರು. ಹೊರಗಿನಿಂದ ಮಾತ್ರ ಉತ್ತರ ಬಂತು. ತಾಯಮ್ಮನ ಗಂಟಲು: "ಕೇಳುಸ್ತು ಕಣವ್ವೋ! ಅಂಗೇ ಸೈನ್ ಆಕ್‌ಬುಡು!"

ಏಳನೇ ರುಜು ಬಿತ್ತು. ನಾನು ಹೇಳಿಕೊಟ್ಟ ಕಳ್ಳದಾರಿಯನ್ನು ಬೈದು, ಅದೇ ಊರಿಗೆ ರಾಜಮಾರ್ಗದಲ್ಲಿ ಬಸ್ಸು ಬಿಟ್ಟುಕೊಂಡು ಹೋದರು. ಇದು ನನ್ನ ಎರಡನೇ ಸೋಲು. ಆದರೂ ಹೇಳುತ್ತೇನೆ, ಹಾರ್ನು ಇಲ್ಲದಿದ್ದರೆ ಸಾಕ್ಷಿ ಎಲ್ಲಿ ಬರುತ್ತಿತ್ತು? ಆ ಹೆಮ್ಮೆ ನನ್ನದೇ.

ಉದ್ಘಾಟನೆಯ ಬೆಳಗ್ಗೆ ಗೇಟಿಗೆ ಅಂಗೈಯಗಲದ ಬೀಗ ಬಿದ್ದಿತ್ತು. ಮೇಜಿನ ಮೇಲೆ ಟಿಕೆಟ್ ಪುಸ್ತಕಗಳು ಅಚ್ಚಾಗಿ ಬಂದಿದ್ದವು. ತಾಯಮ್ಮ ಗಂಟು ಹೊತ್ತು ಹೊರಗೆ ನಿಂತಿದ್ದಳು, ಹಿಂದೆ ದನದವರು. ಮಂಡ್ಯದಿಂದ ಬಂದ ಅಧಿಕಾರಿಯ ಜೀಪು ನಿಂತಿತು. ಆಗ ಕಂಡಕ್ಟ್ರಮ್ಮ ಬಂದರು. ಸೀರೆಯ ಮೇಲೆ ಹಳೆಯ ಖಾಕಿ ಕೋಟು. ಉಬ್ಬಸ ಎಷ್ಟಿತ್ತೆಂದರೆ ಗೇಟಿನ ಕಂಬಿ ಹಿಡಿದು ನಿಂತಿದ್ದರು.

"ಬೀಗ ಯಾವ ತೀರ್ಮಾನದಲ್ಲದೆ? ತೋರ್ಸಿ ಸಾ" ಅಂದರು.

"ಆವತ್ತೇ ಆಯ್ತಲ್ಲಮ್ಮ, ನೀವೇ ಬರೆದಿದ್ದೀರಿ!" ಅಂದರು ಅಧ್ಯಕ್ಷರು.

"ಊಂ, ನಾನೇ ಬರ್ದಿವ್ನಿ. ಓದಿ."

ಪುಸ್ತಕವನ್ನು ಅಧ್ಯಕ್ಷರಿಗೆ ಕೊಡಲಿಲ್ಲ, ಅಧಿಕಾರಿಗೆ ಕೊಟ್ಟರು. ಆ ಮನುಷ್ಯ ಓದಿದರು. ಕೋಳಿಯ ಸಾಲಿಗೆ ಬಂದಾಗ ಮೀಸೆ ಅಲ್ಲಾಡಿತು. ಪುಟದ ಕೆಳಗಿನ ಎಣ್ಣೆ ರುಜುಗಳನ್ನು ನೋಡಿದರು. "ಏಳು ಜನ ಸರ್ವಾನುಮತ ಅಂತ ಹಾಕಿದ್ದೀರಿ. ಈ ಬೀಗ ಯಾರದ್ದು?" ಅಂತ ಕೇಳಿದರು.

ಅಧ್ಯಕ್ಷರು ಮೋಸ ಅಂದರು. ತಾವು ಓದಿಲ್ಲ ಅಂದರು. "ಓದದೆ ರುಜು ಹಾಕಿದ್ರಾ?" ಅಂತ ಅಧಿಕಾರಿ ಕೇಳಿದ ಪ್ರಶ್ನೆಗೆ ಹೌದು ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ. ಹಿಂದಿನಿಂದ ತಾಯಮ್ಮ, "ಮೂರು ಸಲ ಓದವ್ರೆ ಸೋಮಿ, ನಮ್ಗೇ ಬಾಯ್ಪಾಟ ಆಗದೆ!" ಅಂತ ದರಪಟ್ಟಿಯನ್ನು ಒಪ್ಪಿಸತೊಡಗಿದಳು. ಇನ್ನೆಂಟು ಜನ ಪ್ರತಿ ಸಾಲಿಗೂ "ಇಲ್ಲ" ಅಂತ ದನಿಗೂಡಿಸಿದರು. ನಾನು ಮೈಕು ಹಿಡಿದೆ.

ಬೀಗ ತೆರೆಯಿತು.

ಕಂಡಕ್ಟ್ರಮ್ಮ ವಿಸಿಲ್ ತೆಗೆದು ಬಾಯಿಗಿಟ್ಟರು. ಉಸಿರು ಬರಲಿಲ್ಲ. ಇನ್ನೊಮ್ಮೆ ನೋಡಿದರು. ಇಲ್ಲ. ಕೋಟಿನ ಒಳಜೇಬಿನಿಂದ ಇನ್ನೊಂದು ವಿಸಿಲ್ ತೆಗೆದು ನನ್ನ ಕೈಗಿಟ್ಟರು. ಸಂತೆಯ ವಿಸಿಲ್ಲು, ನನ್ನದೇ, ದಾರ ಕಟ್ಟಿ ಜೋಪಾನ ಮಾಡಿದ್ದು.

"ತಕ್ಕೊ. ಬಸ್ಸಲ್ಲಿ ಬುಟ್ಟೋದ ಲಗೇಜು. ಊದಣ್ಣ, ಎಲ್ರೂ ಅತ್ತುದ್ರಾ ನೋಡ್ಕೊಂಡು ಊದು."

ಎಲ್ಲರೂ ಒಳಗೆ ಹೋದದ್ದನ್ನು, ಕೊನೆಯ ಎಮ್ಮೆಯ ಬಾಲದ ತನಕ, ನೋಡಿಕೊಂಡು ಎರಡು ಸಲ ಊದಿದೆ.

ಇದಾಗಿ ಎರಡು ವರ್ಷ. ಗೇಟು ತೆರೆದೇ ಇತ್ತು. ಟಿಕೆಟ್ ಪುಸ್ತಕಗಳು ಬೋಂಡ ಕಟ್ಟಲು ಹೋದವು. ಹೋದ ತಿಂಗಳು ಆಕೆ ತೀರಿಕೊಂಡರು. ಉಬ್ಬಸವೇ. ಆಸ್ಪತ್ರೆಯಲ್ಲಿ ಹಾಸಿಗೆ 'ಫುಲ್' ಅಂತ ನರ್ಸು ಇನ್ಯಾರಿಗೋ ಹೇಳುತ್ತಿದ್ದುದನ್ನು ಕೇಳಿ, ಮೂಗಿಗೆ ನಳಿಕೆ ಇದ್ದರೂ ಕಾಲು ಮಡಚಿಕೊಂಡು, ಬಾ ಅಂತ ಕೈಸನ್ನೆ ಮಾಡಿದರಂತೆ. ಸೌಮ್ಯವಂತೆ.

ಈಗ ಶ್ರದ್ಧಾಂಜಲಿ ಸಭೆಗೆ ವಾಪಸು. ನನ್ನ ಲೂಸ್ ಕನೆಕ್ಷನ್ ನಗು ಮುಗಿದ ಮೇಲೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಮುಂದುವರಿಸಿದರು. ಆ ಮಹಾತಾಯಿಯ ನೆನಪು ಚಿರಸ್ಥಾಯಿಯಾಗಬೇಕಂತೆ. ಕೆರೆಯ ಗೇಟಿಗೆ ಆಕೆಯ ಹೆಸರನ್ನೇ ಇಡುತ್ತಾರಂತೆ, ಕರಿಕಲ್ಲಿನಲ್ಲಿ ಕೆತ್ತಿಸುತ್ತಾರಂತೆ. "ಅಷ್ಟು ದೊಡ್ಡ ಸ್ಮಾರಕದ ನಿರ್ವಹಣೆಗೆ ಅಲ್ಪಸ್ವಲ್ಪ ಪ್ರವೇಶ ಶುಲ್ಕ ಇಟ್ಟರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ ಅಂತ ಭಾವಿಸುತ್ತೇನೆ. ಎಷ್ಟಾದರೂ ಟಿಕೆಟ್ಟು ಅವರ ಉಸಿರಾಗಿತ್ತು."

ಬೋಂಡ ಬಂತು. ಶ್ರದ್ಧಾಂಜಲಿ ಸಭೆಗೂ ಬೋಂಡ! ಅದರ ಹಿಂದೆ ನಡವಳಿ ಪುಸ್ತಕ, ಪುಟ ಖಾಲಿ. ಮೊದಲ ಸದಸ್ಯರು ಎಣ್ಣೆ ಕೈಯಲ್ಲೇ ಪೆನ್ನು ತೆಗೆದುಕೊಂಡರು.

ನಾನು ಜೇಬಿಗೆ ಕೈ ಹಾಕಿದೆ. ತೊಡೆಯ ಮೇಲಿನ ಮೈಕನ್ನು ಬಾಯಿಯ ಹತ್ತಿರ ಹಿಡಿದು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಸೇರಿಸಿ ಊದಿದೆ. ಒಂದೇ ವಿಸಿಲ್.

ಪೆನ್ನು ನಿಂತಿತು. ಅಧ್ಯಕ್ಷರು ಬಾಯಿ ತೆರೆದುಕೊಂಡೇ ನಿಂತರು. ಇಪ್ಪತ್ತು ವರ್ಷ ಆಕೆಯ ಬಸ್ಸಿನಲ್ಲಿ ಓಡಾಡಿದ ಜನ ಆ ಸಭೆಯಲ್ಲಿ ತುಂಬಿದ್ದರು. ಒಂದು ವಿಸಿಲ್ ಬಿದ್ದರೆ ಯಾರೋ ಹತ್ತುವವರಿದ್ದಾರೆ ಅಂತ ಅವರ ಮೈಗೇ ಗೊತ್ತು. ಎಲ್ಲರೂ ಒಟ್ಟಿಗೆ ಬಾಗಿಲ ಕಡೆ ತಿರುಗಿದರು.

ಬಾಗಿಲಲ್ಲಿ ತಾಯಮ್ಮ ನಿಂತಿದ್ದಳು, ಒದ್ದೆ ಸೆರಗಿನಲ್ಲಿ. ಹಿಂದೆ ಹೆಂಗಸರು. ಹಾರ್ನಿನಲ್ಲಿ ಶುಲ್ಕದ ಮಾತು ಕೇಳಿಸಿತ್ತಲ್ಲ, ಮೆಟ್ಟಿಲಿನಿಂದ ನೆಟ್ಟಗೆ ಬಂದಿದ್ದರು.

"ಸಭೆ ನಡೀತಿದೆ, ಒಳಗೆ ಜಾಗ ಇಲ್ಲ" ಅಂದ ಗುಮಾಸ್ತ.

"ಅದೆ ಕಣ್ಲಾ" ಅಂತು ಹಿಂದಿನ ಸಾಲಿನಿಂದ ಒಂದು ದನಿ. ಅಂದು ಬಸ್ಸಿನಲ್ಲಿ ರೇಗಿದ್ದ ಆ ದಪ್ಪ ಮನುಷ್ಯ. ಎದ್ದು ನಿಂತು ಹೊಟ್ಟೆ ಒಳಗೆ ಎಳೆದುಕೊಂಡ. "ಇನ್ನೂ ಜಾಗ ಅದೆ. ಒಳೀಕ್ ಬನ್ರವ್ವ."

ಬಂದರು. ಕೂತರು. ತಾಯಮ್ಮ ಮುಂದಿನ ಸಾಲಿಗೇ ಹೋಗಿ, ಪುಸ್ತಕ ಹಿಡಿದಿದ್ದ ಸದಸ್ಯರ ಪಕ್ಕದಲ್ಲಿ ಕೂತು, "ಓದಿ ಸೋಮಿ, ಕೇಳಾನ" ಅಂದಳು. ಓದಲು ಪುಟದಲ್ಲಿ ಏನೂ ಇರಲಿಲ್ಲ. ಪುಸ್ತಕ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿ, ಒಂದು ರುಜುವೂ ಇಲ್ಲದೆ ಅಧ್ಯಕ್ಷರ ಮೇಜಿಗೆ ವಾಪಸು ಬಂತು. ಸಭೆಯನ್ನು ಮುಂದಕ್ಕೆ ಹಾಕಿದರು. ಮುಂದಿನ ಬುಧವಾರ ಮತ್ತೆ ಸೇರುತ್ತದಂತೆ.

ಸೇರಲಿ. ಮೈಕಿನ ಆರ್ಡರು ನನಗೆ ಕೊಟ್ಟಿಲ್ಲ, ಮದ್ದೂರಿನವನಿಗೆ ಕೊಟ್ಟಿದ್ದಾರೆ. ಕೊಡಲಿ. ವಿಸಿಲ್ಲಿಗೆ ಕರೆಂಟು ಬೇಡ. ಹೊರಡಲು ಹೊಡೆಯುವ ಎರಡು ವಿಸಿಲ್ ನಾನಿನ್ನೂ ಊದಿಲ್ಲ. ಶುಲ್ಕದ ಮಾತು ಇಳಿಯುವ ತನಕ ಊದುವುದೂ ಇಲ್ಲ.